ಮೊದಲ ಪುಟದಲ್ಲಿ ಅವಳು

ಬಹ್ರೇನಿನ ರಿಫಾದ ವಿಲ್ಲಾವೊಂದರಲ್ಲಿ ಹನ್ನೊಂದು ಕಿಟಕಿಗಳ ಅಳತೆ ತೆಗೆದುಕೊಂಡು ಬಂದ ಮೂರನೆಯ ದಿನ ಆ ಮನೆಯಾಕೆ ಫೋನ್ ಮಾಡಿ, ಪರದೆಯ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದೇನೆ ಎಂದರು. ಲಾಹೋರಿನ ಕಡೆಯವರು, ತುಂಬ ಮರ್ಯಾದೆಯ ಹೆಂಗಸು. ಬೇಸರ ಮಾಡಿಕೊಳ್ಳಬೇಡಿ ಎಂದು ಉರ್ದುವಿನಲ್ಲಿ ಎರಡೆರಡು ಸಲ ಹೇಳಿದರು. ಯಾರಿಗೆ ಕೊಟ್ಟಿರಿ ಎಂದು ನಾನು ಕೇಳಬಾರದಿತ್ತು, ಕೇಳಿದೆ. ಸನದ್‌ನಲ್ಲಿ ಒಬ್ಬಾಕೆ ಇದ್ದಾಳಂತೆ, ಫೋನಿನಲ್ಲಿ ಹುಡುಕಿದರೆ ಎಲ್ಲರಿಗಿಂತ ಮೇಲೆ ಅವಳೇ ಬರುವುದಂತೆ, ಅವಳ ಕೆಲಸದ ಬಗ್ಗೆ ಜನ ಒಳ್ಳೆಯದು ಬರೆದಿದ್ದಾರಂತೆ.

ಸನದ್ ಎಂದ ಕೂಡಲೇ ಯಾರೆಂದು ನನಗೆ ಗೊತ್ತಾಯಿತು.

ಗುಫೂಲ್‌ನ ಒಂದು ಓಣಿಯಲ್ಲಿ ನಮ್ಮದು ಪರದೆಯ ಅಂಗಡಿ. ಬಟ್ಟೆ ತರಿಸುವುದು, ಗೋಡೆಗೆ ರಾಡು ಹೊಡೆಯುವುದು ಗಂಡನ ಕೆಲಸ. ಅಳತೆ, ಕತ್ತರಿ, ಹೊಲಿಗೆ ನನ್ನದು. ಕೆಲವು ವರ್ಷಗಳ ಹಿಂದೆ ಕೆಲಸ ಹೆಚ್ಚಾದಾಗ ನಾವು ಅವಳನ್ನು ಸೇರಿಸಿಕೊಂಡಿದ್ದೆವು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ನಮ್ಮದು ಉಡುಪಿಯ ಹತ್ತಿರದ ಕೊಂಕಣಿ ಮನೆ. ಅವಳ ಮನೆಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಹಾಗಾಗಿ ನಾಲ್ಕು ವರ್ಷ ಎರಡು ಮೆಷಿನ್ ಎದುರುಬದುರು ಹಾಕಿಕೊಂಡು ಕನ್ನಡದಲ್ಲೇ ಮಾತಾಡಿದೆವು. ಬಂದಾಗ ಅವಳಿಗೆ ದಿಂಬಿನ ಚೀಲ ಬಿಟ್ಟರೆ ಏನೂ ಹೊಲಿಯಲು ಬರುತ್ತಿರಲಿಲ್ಲ. ನೆರಿಗೆ ಹಿಡಿಯುವುದು, ಕೆಳ ಅಂಚಿನೊಳಗೆ ಭಾರ ಕೂರಿಸುವುದು, ನೆಲದಿಂದ ಒಂದು ಬೆರಳು ಮೇಲೆ ನಿಲ್ಲುವಂತೆ ಕತ್ತರಿಸುವುದು, ಎಲ್ಲ ನಾನೇ ಹೇಳಿಕೊಟ್ಟೆ. ಆಮೇಲೆ ಅವಳ ಗಂಡ ಡ್ರೈವರ್ ಕೆಲಸ ಬಿಟ್ಟು ಸನದ್‌ನಲ್ಲಿ ಪರದೆಯದೇ ಅಂಗಡಿ ಹಾಕಿದ. ಹೋಗುವಾಗ ನನ್ನ ಕೈ ಹಿಡಿದು ಅತ್ತಿದ್ದಳು. ನಾನೂ ಅತ್ತೆ. ಆಗ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಅವಳ ಅಂಗಡಿ ನಮ್ಮದಕ್ಕಿಂತ ಸಣ್ಣದಾಗಿಯೇ ಇರುತ್ತದೆ ಎಂದುಕೊಂಡಿದ್ದೆ, ಅದಕ್ಕೇ ಇರಲಿಲ್ಲ ಎಂದು ಈಗ ತಿಳಿಯುತ್ತದೆ.

ಆ ದಿನ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು, ಊಟದ ಡಬ್ಬಿಯನ್ನೂ ತೆರೆಯದೆ, ಬಹ್ರೇನಿನಲ್ಲಿ ಪರದೆ ಹೊಲಿಯುವವರು ಎಂದು ಇಂಗ್ಲಿಷಿನಲ್ಲಿ ಹುಡುಕಿದೆ. ಮೊದಲ ಸಾಲಿನಲ್ಲೇ ಅವಳು. ಒತ್ತಿದರೆ ಚಂದದ ಪುಟ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ನಿಂತ ಅವಳ ಫೋಟೋ. ಮರುಭೂಮಿಯ ಬಿಸಿಲಿಗೆ ಯಾವ ಬಟ್ಟೆ ಬಣ್ಣ ಬಿಡುವುದಿಲ್ಲ, ಏಸಿಯ ಗಾಳಿಗೆ ಪರದೆ ಹಾರದಂತೆ ಏನು ಮಾಡಬೇಕು ಎಂದೆಲ್ಲ ವಿವರ. ಕೆಳಗೆ ಜನರ ಮೆಚ್ಚುಗೆ, ಒಂದರ ಹಿಂದೆ ಒಂದು. ಕೆಲಸವನ್ನು ಎಲ್ಲಿ ಕಲಿತಳು ಎಂದು ಮಾತ್ರ ಎಲ್ಲೂ ಇಲ್ಲ. ಮೂರು ಸಲ ಓದಿ ನೋಡಿದೆ. ಇಲ್ಲ.

ನಮಗೂ ಒಂದು ವೆಬ್‌ಸೈಟ್ ಇತ್ತು. ಹಿಂದೆ ಯಾರೋ ಮಾಡಿಕೊಟ್ಟದ್ದು. ಅದನ್ನು ಹುಡುಕುತ್ತ ನಾನು ಪುಟದ ಮೇಲೆ ಪುಟ ದಾಟಿದೆ. ಸೀಲಿಂಗ್ ಫ್ಯಾನ್ ಮಾರುವವರು ಬಂದರು, ಮಂಚ ರಿಪೇರಿಯವರು ಬಂದರು, ನಾವು ಬರಲಿಲ್ಲ.

ಅಲ್ಲಿಂದ ಶುರುವಾಯಿತು. ದಿನಾ ಅವಳ ಪುಟ ತೆರೆಯುವುದು. ನಿನ್ನೆಗಿಂತ ಇವತ್ತು ಹೊಸದಾಗಿ ಯಾರು ಹೊಗಳಿದ್ದಾರೆ ಎಂದು ನೋಡುವುದು. ಒಂದು ದಿನ ಒಂದು ಸ್ಪೆಲಿಂಗ್ ತಪ್ಪು ಸಿಕ್ಕಿತು. ಆ ಖುಷಿಯಲ್ಲಿ ಸಂಜೆ ಮೀನು ತಂದು ಸಾರು ಮಾಡಿದೆ. ಮರುದಿನ ನೋಡಿದರೆ ತಪ್ಪನ್ನು ಸರಿ ಮಾಡಿದ್ದರು. ನನ್ನ ಕೈಯಿಂದಲೇ ಏನೋ ಕಿತ್ತುಕೊಂಡ ಹಾಗಾಯಿತು.

"ಅವಳದ್ದು ಅವಳಿಗೆ, ನಮ್ಮದು ನಮಗೆ. ನೀನು ಎಂತಕ್ಕೆ ಅದನ್ನೇ ನೋಡ್ತಾ ಕೂತದ್ದು?" ಎಂದ ಗಂಡ.

"ಆ ಕೆಲಸ ಯಾರು ಕಲಿಸಿದ್ದು?"

"ನೀನೇ ಕಲಿಸಿದ್ದು. ಅದಕ್ಕೆ ಈಗ ಎಂತ ಮಾಡುದು?"

ಫೋನನ್ನು ಮಗುಚಿ ಹಾಕಿ ಕತ್ತರಿ ಕೈಗೆತ್ತಿಕೊಂಡೆ. ಸಿಟ್ಟು ಇನ್ನೂ ಹೆಚ್ಚಾಯಿತು.

ನಮ್ಮ ಗಿರಾಕಿಯೊಬ್ಬರ ಗಂಡ ಬೆಂಗಳೂರಿನವರು, ವೆಬ್‌ಸೈಟುಗಳ ಕೆಲಸವೇ ಅವರದು. ಅವರನ್ನು ಅಂಗಡಿಗೆ ಕರೆಸಿದೆ. ಬಟ್ಟೆಯ ಸುರುಳಿಗಳ ನಡುವೆ ಸ್ಟೂಲಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದರು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮ್ ಸೈಟ್‌ನಲ್ಲಿ ಏನೂ ಇಲ್ಲ. ಎರಡು ಫೋಟೋ, ಒಂದು ಫೋನ್ ನಂಬರ್. ಆ ಫೋಟೋನೂ ಯಾವ್ದೋ ಕ್ಯಾಟಲಾಗ್‌ನಿಂದ ತೆಗ್ದಿರೋದು. ಸರ್ಚ್ ಎಂಜಿನ್ ಯಾಕೆ ನಿಮ್ಮನ್ನ ತೋರಿಸ್ಬೇಕು, ಹೇಳಿ?"

"ಮೇಲೆ ಬರ್ಲಿಕ್ಕೆ ಎಂತ ಮಾಡ್ಬೇಕು?"

"ಜನ ಏನ್ ಕೇಳ್ಕೊಂಡು ಹುಡುಕ್ತಾರೋ ಅದಕ್ಕೆ ನಿಮ್ ಪೇಜ್‌ನಲ್ಲಿ ಉತ್ತರ ಇರ್ಬೇಕು. ನಿಮ್ದೇ ಕೆಲಸದ ಫೋಟೋ, ನಿಮ್ದೇ ಮಾತು. ಕೆಲಸ ಮಾಡಿಸ್ಕೊಂಡವ್ರ ಹತ್ರ ರಿವ್ಯೂ ಕೇಳಿ. ಆಮೇಲೆ ಕೆಲವು ತಿಂಗಳು ಟೈಮ್ ಕೊಡಿ."

ತಿಂಗಳುಗಟ್ಟಲೆ ಕಾಯುವ ಮಾತು ನನಗೆ ಹಿಡಿಸಲಿಲ್ಲ. "ಮೇಲೆ ಇದ್ದವರನ್ನು ಕೆಳಗೆ ತರ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿ ನಕ್ಕರು. "ಆ ತರ ಬಟನ್ ಯಾವ್ದೂ ಇಲ್ಲ ಮೇಡಂ."

ಸೈಟಿಗೆ ನಾವೇ ಬರಹ ಸೇರಿಸುವುದು ಹೇಗೆಂದು ತೋರಿಸಿಕೊಟ್ಟು ಹೋದರು. ಎರಡು ಮಧ್ಯಾಹ್ನ ನಾನು ಬರೆಯಲು ಕುಳಿತೆ. ಕಿಟಕಿ ನೋಡಿದರೆ ಎಷ್ಟು ಬಟ್ಟೆ ಬೇಕೆಂದು ಕಣ್ಣಳತೆಯಲ್ಲೇ ಹೇಳಬಲ್ಲೆ, ಆದರೆ ಒಂದು ವಾಕ್ಯ ಬರಲಿಲ್ಲ. ಬರೆಯಬೇಕಾದ ಮಾತೆಲ್ಲ ಅವಳ ಪುಟದಲ್ಲಿ ಮೊದಲೇ ಇತ್ತು. ಬಿಸಿಲು, ಧೂಳು, ಏಸಿ ಗಾಳಿ. ಎಲ್ಲ ನಾನೇ ಮೆಷಿನ್ ತುಳಿಯುತ್ತ ಅವಳಿಗೆ ಹೇಳಿದ್ದು. ನನ್ನ ಮಾತನ್ನು ನಾನು ವಾಪಸು ತೆಗೆದುಕೊಂಡರೆ ಅದು ಕಳ್ಳತನ ಹೇಗಾಗುತ್ತದೆ? ಹಾಗೆ ಅಂದುಕೊಂಡು ಅವಳ ಪುಟದ ಬರಹವನ್ನು ಇಡಿಯಾಗಿ ಎತ್ತಿ ನಮ್ಮ ಪುಟದಲ್ಲಿ ಹಾಕಿದೆ. ಅವಳ ಅಂಗಡಿಯ ಹೆಸರಿದ್ದಲ್ಲೆಲ್ಲ ನಮ್ಮದನ್ನು ಬರೆದೆ. ಗಂಡನಿಗೆ ಹೇಳಲಿಲ್ಲ.

ಆಮೇಲೆ ದಿನಕ್ಕೆ ಹತ್ತು ಸಲ ಹುಡುಕಿದೆ, ಪ್ರತಿ ಸಲ ನಮ್ಮ ಪುಟವನ್ನು ಒತ್ತಿದೆ. ಒಂದೆರಡು ವಾರಗಳಲ್ಲಿ ನಾವು ಮೊದಲ ಪುಟಕ್ಕೆ ಬಂದೆವು. ಇನ್ನೊಂದು ವಾರಕ್ಕೆ ಅವಳನ್ನೂ ದಾಟಿ ಮೇಲೆ. ಅವಳ ಹೆಸರು ನಮ್ಮ ಹೆಸರಿನ ಕೆಳಗೆ ಇರುವುದನ್ನು ನಾನು ಫೋಟೋ ತೆಗೆದಿಟ್ಟೆ. ಒಂದೇ ಒಂದು ಹೊಸ ಗಿರಾಕಿ ಬಂದಿರಲಿಲ್ಲ, ಅದು ನನ್ನ ತಲೆಗೇ ಹೋಗಲಿಲ್ಲ.

ಅದೇ ಹೊತ್ತಿಗೆ ರಿಫಾದಲ್ಲಿ ನಮ್ಮ ಊರಿನ ಕಡೆಯ ನರ್ಸ್ ಒಬ್ಬಳ ಮನೆಯಲ್ಲಿ, ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡದ್ದಕ್ಕೆ ಊಟ. ಶುಕ್ರವಾರ ಮಧ್ಯಾಹ್ನ ಹೋದೆವು. ಹಾಲಿಗೆ ಕಾಲಿಡುತ್ತಿದ್ದಂತೆ ಹೊಸ ಪರದೆ ಕಂಡಿತು, ನಸುಹಸಿರು, ನೆಲದಿಂದ ಸರಿಯಾಗಿ ಒಂದು ಬೆರಳು ಮೇಲೆ. ಯಾರು ಹೊಲಿದದ್ದೆಂದು ಕೇಳುವ ಅಗತ್ಯವೇ ಇರಲಿಲ್ಲ. ನನ್ನನ್ನು ಬಿಟ್ಟು ಅವಳಿಗೆ ಕೊಟ್ಟಿದ್ದಾಳಲ್ಲ ಎಂದು ಬಿರಿಯಾನಿಯನ್ನು ತಟ್ಟೆಯಲ್ಲೇ ಬಿಟ್ಟೆ. ಚಹಾದ ಹೊತ್ತಿಗೆ ಅದನ್ನು ಹೊಲಿದವಳೇ ಬಂದಳು, ಮಗುವಿಗೆ ಉಡುಗೊರೆ ಹಿಡಿದುಕೊಂಡು. ನನ್ನನ್ನು ನೋಡಿ ಮುಖ ಅರಳಿಸಿ, "ಅಕ್ಕಾ, ಎಷ್ಟು ಸಮಯ ಆಯ್ತು ನಿಮ್ಮನ್ನು ನೋಡದೆ!" ಎನ್ನುತ್ತ ಪಕ್ಕದಲ್ಲೇ ಕುಳಿತಳು. ಹೆಂಗಸರು ಆ ಪರದೆಯನ್ನು ಮುಟ್ಟಿ ಮುಟ್ಟಿ ಹೊಗಳುತ್ತಿದ್ದರು.

ತಡೆಯಲಾಗಲಿಲ್ಲ. "ಈಗ ಸರ್ಚ್ ಮಾಡಿದ್ರೆ ನಮ್ಮ ಅಂಗಡಿಯೇ ಮೊದ್ಲು ಬರುದು, ಗೊತ್ತುಂಟಾ?" ಎಂದೆ, ಎಲ್ಲರಿಗೂ ಕೇಳುವಂತೆ.

"ಹೌದಾ? ನೋಡುವ" ಎಂದು ಮನೆಯೊಡತಿ ತನ್ನ ಫೋನು ತೆಗೆದಳು. ಹುಡುಕಿದಳು. "ಇಲ್ಲಿ ಇವಳದ್ದೇ ಮೊದ್ಲು ಉಂಟಲ್ಲ?"

"ಸರಿ ನೋಡು ಮಾರಾಯ್ತಿ."

ಕೆಳಗೆ ಜಾರಿಸಿದಳು. ಎರಡನೇ ಪುಟ, ಮೂರನೇ ಪುಟ. "ನಿಮ್ಮದು ಕಾಣುದಿಲ್ಲ." ಕೊನೆಗೆ ಅಂಗಡಿಯ ಹೆಸರನ್ನೇ ಟೈಪ್ ಮಾಡಿದಾಗ ನಮ್ಮ ಪುಟ ಬಂತು. ನಗುತ್ತ ಫೋನನ್ನು ಅವಳ ಕೈಗೆ ಕೊಟ್ಟಳು. "ನೋಡು, ನಿನ್ನ ಅಕ್ಕನ ವೆಬ್‌ಸೈಟ್."

ಅವಳು ಓದತೊಡಗಿದಳು. ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಸ್ವಲ್ಪ ಜಾರಿಸಿತು, ನಿಂತಿತು, ಮತ್ತೆ ಮೇಲೆ ಹೋಯಿತು, ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ನಾನೂ ಬಗ್ಗಿ ನೋಡಿದೆ. 'ಸನದ್‌ನ ನಮ್ಮ ಅಂಗಡಿಗೆ ನಿಮ್ಮ ಕಿಟಕಿಯ ಫೋಟೋ ಕಳಿಸಿ' ಎಂದಿತ್ತು. ಅಂಗಡಿಯ ಹೆಸರನ್ನು ಬದಲಿಸಿದ್ದ ನಾನು ಊರಿನ ಹೆಸರನ್ನು ಬದಲಿಸಲು ಮರೆತಿದ್ದೆ.

ಈಗ ಹೇಳುತ್ತಾಳೆ, ಇಷ್ಟು ಜನರೆದುರು ಹೇಳಿಯೇ ಹೇಳುತ್ತಾಳೆ ಎಂದು ಕಾದೆ. ಅವಳು ಫೋನಿನ ಸ್ಕ್ರೀನ್ ಆರಿಸಿ ವಾಪಸು ಕೊಟ್ಟಳು. "ಚಂದ ಉಂಟು ಅಕ್ಕಾ" ಎಂದಳು. ಆಮೇಲೆ ಮಗುವಿನ ಬಿಳಿ ಫ್ರಾಕಿನ ಬಗ್ಗೆ ಏನೋ ಕೇಳುತ್ತ ಆ ಕಡೆ ತಿರುಗಿದಳು.

ಅವಳು ಬೈದಿದ್ದರೆ ನಾನು ಬದುಕುತ್ತಿದ್ದೆ. ಸುಮ್ಮನಿರುವುದರಲ್ಲೂ ಅವಳೇ ನನಗಿಂತ ಮೇಲೆ ಎಂದು ಕಾರಿನಲ್ಲಿ ಕುಳಿತು ಹಲ್ಲು ಕಚ್ಚಿದೆ. ಅಲ್ಲಿಯೇ ಗಂಡನಿಗೆ ಎಲ್ಲ ಹೇಳಿದೆ. ಅವನು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. "ನಾಳೆಯೇ ತೆಗೆದು ಹಾಕು" ಎಂದಷ್ಟೇ ಹೇಳಿದ.

ಬೆಂಗಳೂರಿನವರು ಪುಟ ನೋಡಿ ತಲೆ ಅಲ್ಲಾಡಿಸಿದರು. "ಎರಡು ಸೈಟ್‌ನಲ್ಲಿ ಒಂದೇ ಬರಹ ಇದ್ರೆ ಒಂದನ್ನ ಮಾತ್ರ ತೋರಿಸುತ್ತೆ ಮೇಡಂ. ಮೊದ್ಲಿಂದ ಇರೋದು ಅವ್ರದು, ಅದನ್ನೇ ತೋರಿಸಿದೆ."

"ಆದ್ರೆ ನನ್ನ ಫೋನಲ್ಲಿ ನಾವೇ ಮೊದ್ಲು ಇದ್ದೆವಲ್ಲ?"

"ನೀವು ದಿನಾ ನಿಮ್ದನ್ನೇ ಒತ್ತಿದ್ರೆ, ಇವ್ರಿಗೆ ಇದೇ ಬೇಕು ಅಂತ ನಿಮ್ ಫೋನ್ ನಿಮಗೇ ತೋರಿಸ್ತಿತ್ತು. ಬೇರೆ ಯಾರಿಗೂ ಕಾಣ್ತಿರ್ಲಿಲ್ಲ."

ಅಷ್ಟು ದಿನ ನಾನೊಬ್ಬಳೇ ಗೆದ್ದಿದ್ದೆ, ನನ್ನೊಬ್ಬಳ ಎದುರಿಗೆ. ಎಲ್ಲ ಬರಹವನ್ನೂ ಅಳಿಸಿ ಹಾಕಿದೆವು.

ಈ ಸಲ ಬಟ್ಟೆ ಕತ್ತರಿಸಲು ಇಟ್ಟುಕೊಂಡ ಪೇಪರ್ ಅಚ್ಚಿನ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದೆ. ಬಹ್ರೇನಿನಲ್ಲಿ ನಮ್ಮಂಥವರು ಮನೆ ಬದಲಿಸುತ್ತಲೇ ಇರುತ್ತಾರೆ. ಹಳೆ ಫ್ಲ್ಯಾಟಿನ ಪರದೆ ಹೊಸ ಫ್ಲ್ಯಾಟಿನ ಕಿಟಕಿಗೆ ಒಂದೋ ಉದ್ದ, ಇಲ್ಲವೇ ಗಿಡ್ಡ. ಅದನ್ನು ಬಿಸಾಡದೆ ಹೇಗೆ ಹೊಂದಿಸಬಹುದು, ಎಲ್ಲಿ ಪಟ್ಟಿ ಕೊಟ್ಟರೆ ಜೋಡಿಸಿದ್ದು ಕಾಣುವುದಿಲ್ಲ, ಯಾವ ಬಟ್ಟೆ ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ, ಇದೆಲ್ಲ ನನಗೆ ಗೊತ್ತಿತ್ತು. ಅವಳ ಪುಟದಲ್ಲಿ ಇರಲಿಲ್ಲ. ಗಂಡ ಇಂಗ್ಲಿಷ್ ಮಾಡಿದ. ಮಾಡಿದ ಕೆಲಸದ ಫೋಟೋ ತೆಗೆದೆವು. ರಿವ್ಯೂ ಬರೆಯಿರಿ ಎಂದು ಬಾಗಿಲಲ್ಲಿ ನಿಂತು ಕೇಳುವಾಗ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು, ಆದರೂ ಕೇಳಿದೆ.

ಚಳಿ ಮುಗಿದು ಮತ್ತೆ ಬಿಸಿಲು ಶುರುವಾಗುವಷ್ಟರಲ್ಲಿ ಅಪರಿಚಿತರ ಫೋನುಗಳು ಬರತೊಡಗಿದವು. ಹಳೆ ಪರದೆ ಸರಿಮಾಡುವವರು ಎಂದು ಹುಡುಕಿದರೆ ನಾವು ಮೊದಲು. ಈಗ ನಾನು ನನ್ನ ಫೋನನ್ನು ನಂಬುವುದಿಲ್ಲ, ಗಿರಾಕಿಗಳ ಫೋನಿನಲ್ಲೇ ತೋರಿಸಿ ಎನ್ನುತ್ತೇನೆ. ಬರೀ ಪರದೆ ಎಂದು ಹುಡುಕಿದರೆ ಮಾತ್ರ ಇವತ್ತಿಗೂ ಅವಳೇ ಮೇಲೆ, ನಾವು ಎರಡನೇ ಪುಟದಲ್ಲಿ. ಸಮಾಧಾನವಾಗಬೇಕಿತ್ತು, ಪೂರ್ತಿ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ "ಚಂದ ಉಂಟು" ಚುಚ್ಚುತ್ತಲೇ ಇತ್ತು.

ಒಂದು ಬೆಳಿಗ್ಗೆ ಗಂಡನಿಗೆ ಸನದ್‌ಗೆ ಬಿಡಲು ಹೇಳಿದೆ. ಅವಳ ಅಂಗಡಿಗೆ ನಾನು ಹೋದದ್ದು ಅದೇ ಮೊದಲು. ಅವಳು ಒಬ್ಬಳೇ ಇದ್ದಳು. ಕುರ್ಚಿ ಎಳೆದು ಕೊಟ್ಟಳು. ನಾನು ಕೂರಲಿಲ್ಲ.

"ಆ ದಿನದ್ದು ನನ್ನ ತಪ್ಪು. ನಿನ್ನದನ್ನು ಕದ್ದೆ" ಎಂದೆ.

ಅವಳು ಕತ್ತರಿ ಕೆಳಗಿಟ್ಟಳು. "ನಂಗೆ ಸಿಟ್ಟು ಬಂದಿತ್ತು ಅಕ್ಕಾ. ಸುಳ್ಳು ಯಾಕೆ ಹೇಳ್ಬೇಕು? ನಾಲ್ಕು ದಿನ ಊಟ ಸೇರ್ಲಿಲ್ಲ. ಇವ್ರು ಫೋನ್ ಮಾಡಿ ಕೇಳ್ತೇನೆ ಹೇಳಿದ್ರು, ನಾನು ಬಿಡ್ಲಿಲ್ಲ."

"ಅಲ್ಲಿ ಎಲ್ಲರೆದುರು ಹೇಳ್ಬಹುದಿತ್ತಲ್ಲ ನೀನು?"

"ಬಾಯಿ ಬರ್ಲಿಲ್ಲ. ಸೂಜಿ ಹಿಡಿಲಿಕ್ಕೆ ಕಲಿಸಿದ್ದು ನೀವು." ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ನಂದೂ ಒಂದು ತಪ್ಪುಂಟು. ನಿಮ್ಮತ್ರ ಕಲ್ತದ್ದು ಅಂತ ಆ ಪೇಜಲ್ಲಿ ಹಾಕ್ಬೇಕಿತ್ತು. ಮೊದ್ಲು ಬರೆದಿದ್ದೆ, ಆಮೇಲೆ ನಾನೇ ತೆಗ್ದೆ. ನಿಮ್ಮ ಹೆಸ್ರು ನೋಡಿದ್ರೆ ಜನ ಸೀದಾ ನಿಮ್ಮತ್ರ ಬರ್ತಾರಲ್ಲ ಅಂತ ಹೆದರಿಕೆ."

ನಾನು ಅವಳಿಗೆ ಹೆದರಿದಷ್ಟೇ ಅವಳೂ ನನಗೆ ಹೆದರಿದ್ದಳು. ಯಾಕೋ ಆ ಮಾತು ಕೇಳಿ ತುಂಬ ಹಿತವಾಯಿತು. ಕುರ್ಚಿಯಲ್ಲಿ ಕುಳಿತೆ. ಅವಳು ಫ್ಲಾಸ್ಕಿನಿಂದ ಸುಲೈಮಾನಿ ಚಹಾ ಬಗ್ಗಿಸಿ ಕೊಟ್ಟಳು. ಮಕ್ಕಳು, ಶಾಲೆ, ಬಟ್ಟೆ ತರಿಸುವ ತೊಂದರೆ ಎಂದೆಲ್ಲ ಒಂದು ಗಂಟೆ ಮಾತಾಡಿದೆವು, ಮೆಷಿನ್ ಎದುರುಬದುರು ಇದ್ದ ಕಾಲದಂತೆ ಅಲ್ಲದಿದ್ದರೂ ಅದಕ್ಕೆ ಹತ್ತಿರದ ಹಾಗೆ.

ಏಳುವ ಹೊತ್ತಿಗೆ ನಾನು ಗಮನಿಸಿದ್ದು ಅವಳ ಕತ್ತರಿಸುವ ಮೇಜನ್ನು. ಗೋಡೆಯಿಂದ ಗೋಡೆಯವರೆಗೆ ಉದ್ದ, ಅಂಚಿಗೆ ಉಕ್ಕಿನ ಅಳತೆ ಪಟ್ಟಿ. ಇಡೀ ಪರದೆಯನ್ನು ಮಡಚದೆ ಒಮ್ಮೆಗೇ ಹಾಸಬಹುದು. ನಾನು ಇಷ್ಟು ವರ್ಷ ನೆಲದ ಮೇಲೆ ಮೊಣಕಾಲೂರಿ ಕತ್ತರಿಸಿದವಳು. ಅದೇ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಮುಚ್ಚಿಡಲು ಹೋಗಲಿಲ್ಲ.

"ನಿನ್ನ ಮೇಜು ನೋಡಿ ಹೊಟ್ಟೆ ಉರಿತದೆ ಮಾರಾಯ್ತಿ" ಎಂದೆ.

ಅವಳು ಜೋರಾಗಿ ನಕ್ಕು, ಅದನ್ನು ಮಾಡಿಕೊಟ್ಟ ಬಡಗಿಯ ನಂಬರನ್ನು ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಿಂದ ಬರೆದು ಕೊಟ್ಟಳು.