ಭಾವ ಹೋಟೆಲು ಗೊತ್ತು ಮಾಡಿದ್ದು

ನಮ್ಮ ಭಾವನಿಗೆ ಅನ್ನ ಹಾಕಿದ್ದು ಅವರ ಮೂಗು. ಮೂವತ್ತು ವರ್ಷದಿಂದ ಹೋಟೆಲುಗಳ ಅಡುಗೆಮನೆ ಹೊಕ್ಕು, ಮೋರಿ ಮೂಸಿ, ಜಿರಲೆ ಹುಡುಕಿ ಷರಾ ಬರೆಯುವ ಆರೋಗ್ಯ ಇನ್‌ಸ್ಪೆಕ್ಟರು. ಮನೆಯಲ್ಲೂ ಅದೇ ಚಾಳಿ. ಅಕ್ಕ ತಟ್ಟೆ ಇಟ್ಟರೆ ಮೊದಲು ಅದನ್ನು ಬೋರಲು ಹಾಕಿ ನೋಡುತ್ತಾರೆ.

ಅಕ್ಕನಿಗಿದ್ದದ್ದು ಒಂದೇ ಆಸೆ. ಸಮುದ್ರದಂಡೆಯ ಒಂದು ಊರು, ಅಲ್ಲಿ ಗುಡ್ಡದ ಮೇಲೆ ಹಾಳುಬಿದ್ದ ಹಳೇ ಅರಮನೆ, ಇನ್ನೂರು ಮೆಟ್ಟಿಲು. ಮೇಲೆ ನಿಂತರೆ ಮೂರು ಕಡೆಯೂ ನೀರು ಕಾಣುತ್ತದಂತೆ. "ಹತ್ತೋದಿದ್ರೆ ಈ ವರ್ಷವೇ ಹತ್ತಿಬಿಡಿ, ಆಮೇಲೆ ನಿಮ್ಮ ಮಂಡಿ ಮಾತು ಕೇಳಲ್ಲ" ಎಂದು ಡಾಕ್ಟರು ಹೇಳಿದ್ದರು. ಭಾವ ಹೂಂ ಅಂದರು. ಹೋಟೆಲು ಗೊತ್ತು ಮಾಡುವ ಕೆಲಸವನ್ನೂ ತಾವೇ ವಹಿಸಿಕೊಂಡರು. ಅಲ್ಲಿಗೆ ಕೆಟ್ಟಿತು.

ಆ ಊರಿನಲ್ಲಿದ್ದ ಒಂಬತ್ತು ಹೋಟೆಲಿಗೂ ಕಾಗದ ಬರೆದರು. ದಿಂಬಿನ ಚೀಲ ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ? ನೀರಿನ ಟ್ಯಾಂಕು ತೊಳೆದ ತಾರೀಕು ಯಾವುದು? ಮೀನು ಹೆಚ್ಚುವ ಹಲಗೆ ಬೇರೆ ಇದೆಯೇ? ಕೈಗೆ ರೂಢಿಯಾಗಿಬಿಟ್ಟಿತ್ತು ನೋಡಿ, ಸಹಿಯ ಪಕ್ಕ ಕಚೇರಿಯ ಮೊಹರನ್ನೂ ಒತ್ತಿ ಅಂಚೆಗೆ ಹಾಕಿದರು.

ತಪಾಸಣೆಗೆ ಬರುವವರನ್ನು ಯಾರು ಮನೆಗೆ ಕರೆಯುತ್ತಾರೆ? ಒಂಬತ್ತು ಕಡೆಯಿಂದಲೂ ಒಂದೇ ಉತ್ತರ: ಈ ವರ್ಷ ಕೋಣೆ ಖಾಲಿ ಇಲ್ಲ.

"ನೋಡಿದ್ಯಾ, ಕೊಳಕು ಇಟ್ಕೊಂಡಿರೋರೇ ಹೆದರೋದು. ಸದ್ಯ, ಬಚಾವಾದ್ವಿ" ಎಂದು ಭಾವ ಊಟಕ್ಕೆ ಕೂತರು. ಮುಖದಲ್ಲಿ ಎಂಥ ಗೆಲುವು! ಅಕ್ಕ ಮಂಡಿ ಹಿಡಿದುಕೊಂಡು ಬಂದು ಮೇಜಿನ ಮೇಲೆ ತಟ್ಟೆ ಇಟ್ಟಳು. ಅವರು ಅದನ್ನೂ ತಿರುಗಿಸಿ ನೋಡಿದರು. ನನಗೆ ಹೇಸಿಗೆಯಾಯಿತು, ತಟ್ಟೆ ಕಂಡಲ್ಲ.

ಅಕ್ಕ ಆ ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲಿ ಚೀಲವಿತ್ತು.

"ನಡಿಯೇ, ಎರಡೂವರೆ ಬಸ್ಸಿದೆ" ಅಂದಳು ನನಗೆ.

"ಕೋಣೆನೇ ಇಲ್ವಲ್ಲೇ ಅಕ್ಕಾ?"

"ಬಸ್ ಸ್ಟ್ಯಾಂಡಲ್ಲಿ ಮಲಗಿದ್ರಾಯ್ತು. ಮೂವತ್ತು ವರ್ಷ ಚೊಕ್ಕಟವಾಗಿದ್ದು ಸಾಕಾಗಿದೆ."

ಭಾವ ಖಾಲಿ ಮೇಜಿನ ಮುಂದೆ ಕೂತೇ ಇದ್ದರು. "ಮತ್ತೆ ನನ್ನ ಊಟ?"

ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು, "ಹೋಟೆಲಲ್ಲಿ ಮಾಡಿ."