ಅಜ್ಜಿ ಹತ್ತು ಎಣಿಸಿದ್ದು

ನನ್ನ ತಂಗಿಯ ಮಗಳಿಗೆ ಮೂರು ವರ್ಷ ತುಂಬಿದರೂ ಒಂದು ಮಾತು ಬಂದಿರಲಿಲ್ಲ. ತರೀಕೆರೆಯಲ್ಲಿ ಪರೀಕ್ಷೆ ಮಾಡಿಸಿದೆವು, ಕಿವಿ ಚೆನ್ನಾಗಿತ್ತು. ಡಾಕ್ಟರು ಕಡೂರಿನಲ್ಲಿ ಸ್ಪೀಚ್ ಥೆರಪಿಗೆ ಬರೆದುಕೊಟ್ಟರು. ತಂಗಿಯ ಅತ್ತೆ, ಅಂದರೆ ಮಗುವಿನ ಅಜ್ಜಿ, ಒಪ್ಪಲಿಲ್ಲ. ಯಗಟಿಯ ಆ ಮನೆಯಲ್ಲಿ ಅವರು ಒಪ್ಪದೆ ಯಾರೂ ಬಸ್ಸು ಹತ್ತುವುದಿಲ್ಲ.

“ಬಜೆ ತೇಯ್ದು ನಾಲಿಗೆಗೆ ಹಚ್ತಿದೀನಿ, ಬತ್ತದೆ ಬಿಡಪ್ಪಾ. ಇವಳಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು.”

“ಆಮೇಲೆ ಮುಚ್ಚೇ ಇಲ್ಲ,” ಎಂದಳು ತಂಗಿ ಒಳಗಿನಿಂದ.

ಸೋದರಮಾವನ ಅಧಿಕಾರದಲ್ಲಿ ನಾನು ಗೋಗರೆದೆ. ಕೊನೆಗೆ ತೀರ್ಪು ಬಂತು: “ಮೂರು ಸಲ ನೋಡ್ತೀನಿ. ಏನೂ ಆಗ್ಲಿಲ್ವಾ, ಅಲ್ಲಿಗೆ ನಿಲ್ಸಿ. ನಾನೂ ಬತ್ತೀನಿ.”

ಮೊದಲ ಸಲ ಥೆರಪಿ ಮೇಡಂ ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿ ಬಿಸ್ಕತ್ತು ಹಾಕಿ ಮಗುವಿನ ಮುಂದಿಟ್ಟು ಸುಮ್ಮನೆ ಕೂತರು. ಮಗು ಡಬ್ಬಿಯನ್ನು ನೋಡುವಷ್ಟರಲ್ಲಿ ಅಜ್ಜಿ ಮುಚ್ಚಳ ತೆಗೆದು ಬಿಸ್ಕತ್ತು ಕೊಟ್ಟಾಗಿತ್ತು.

“ನಿಮ್ಮಿಂದ ಮಾತು ತಡವಾಯ್ತು ಅಂತಲ್ಲ ಅಜ್ಜಿ,” ಎಂದರು ಮೇಡಂ. “ಬೇಕು ಅಂತ ಅವಳಾಗೇ ಕೇಳೋಕೆ ಒಂದು ಅವಕಾಶ ಕೊಡ್ಬೇಕು. ಮನಸ್ಸಲ್ಲೇ ಹತ್ತು ಎಣಿಸಿ, ಕಾಯಿರಿ.”

“ಬಿಸ್ಕತ್ತು ಕೊಡದೇ ಇರೋದನ್ನ ಕಲಿಯೋಕೆ ಕಡೂರಿಗೆ ಬರ್ಬೇಕಿತ್ತೇನಪ್ಪಾ?” ಎಂದು ಅಜ್ಜಿ ನನ್ನನ್ನು ಕೇಳಿದರು.

ಎರಡನೇ ಸಲ ಎಣಿಸಿದರು. ಮನಸ್ಸಿನಲ್ಲಲ್ಲ, ಕಣದಲ್ಲಿ ರಾಗಿ ಅಳೆಯುವ ದನಿಯಲ್ಲಿ, ಒಂದು ಅನ್ನುವ ಬದಲು ಲಾಭ ಎಂದು ಶುರುಮಾಡಿ, “ಲಾಭ, ಎರಡು, ಮೂರು…” ಐದಕ್ಕೆ ಮುಚ್ಚಳ ತೆಗೆದರು. “ಕೂಸು ಚಿಕ್ಕದು ಕಣಮ್ಮ, ಐದು ಸಾಕು.”

ಇದು ಎರಡನೇ ಸಲವೇ ಆಯಿತೆಂದು ನಾನು ಪ್ರಮಾಣ ಮಾಡಲಾರೆ. ನನ್ನ ನೆನಪೂ ಆ ಅಜ್ಜಿಯ ಹಾಗೇ. ನಾನು ಕೇಳುವ ಮೊದಲೇ ಕೈಗೆ ಏನಾದರೂ ಕೊಟ್ಟುಬಿಡುತ್ತದೆ. ತಂಗಿಯನ್ನು ಕೇಳಿದರೆ ಅಜ್ಜಿ ಮೂರಕ್ಕೇ ತೆಗೆದರು ಅನ್ನುತ್ತಾಳೆ.

ಮೂರನೇ ಸಲ, ಅಂದರೆ ಕೊನೆಯ ಸಲ, ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಎರಡೂ ಕೈಗಳ ಮೇಲೆ ಕೂತರು. ಮಗು ಡಬ್ಬಿ ಕುಟ್ಟಿತು. ಉರುಳಿಸಿತು. ಅಳುವ ಮುಖ ಮಾಡಿತು. ಅಜ್ಜಿಯ ಕಣ್ಣಲ್ಲಿ ಅದಕ್ಕಿಂತ ಮೊದಲೇ ನೀರು. ಆಮೇಲೆ ಮಗು ಎದ್ದು ಬಂದು, ಅಜ್ಜಿಯ ಅಡಿಯಿಂದ ಒಂದು ಕೈಯನ್ನು ಎಳೆದು ತೆಗೆದು ಮುಚ್ಚಳದ ಮೇಲಿಟ್ಟು, ಅವರ ಮುಖವನ್ನೇ ನೋಡಿತು.

“ನೋಡಿ, ಕೇಳಿದ್ಲು!” ಎಂದರು ಮೇಡಂ. “ಮಾತು ಶುರುವಾಗೋದೇ ಹೀಗೆ.”

ಅಜ್ಜಿ ಬಿಸ್ಕತ್ತು ಕೊಟ್ಟರು. ಒಂದಲ್ಲ, ನಾಲ್ಕು. ಆದರೆ ಮುಂದಿನ ವಾರ ಮತ್ತೆ ಬರುವ ಮಾತು ಎತ್ತಲಿಲ್ಲ. ಕೇಳುವ ಧೈರ್ಯ ನಮಗೂ ಇರಲಿಲ್ಲ.

ವಾಪಸು ಬಸ್ಸಿನಲ್ಲಿ, ಪಕ್ಕದ ಸೀಟಿನ ಹೆಂಗಸು ಮಗುವಿನ ಕೆನ್ನೆ ಹಿಂಡಿ, “ಏನೇ ಪುಟ್ಟಿ, ನಿನ್ನ ಹೆಸರೇನೇ?” ಎಂದಳು. ತಂಗಿ ಬಾಯಿ ತೆರೆದಳು.

“ಸುಮ್ನಿರೇ,” ಅಜ್ಜಿ ಅವಳ ತೊಡೆ ಚಿವುಟಿದರು. “ಕೇಳಿದ್ದು ನಿನ್ನನ್ನಲ್ಲ.”

ಆ ಹೆಂಗಸು ಕಾದಳು. ಹಿಂದಿನ ಸೀಟಿನವರು ಬಗ್ಗಿ ನೋಡಿದರು. ಕಂಡಕ್ಟರ್ “ಏನಾಯ್ತಮ್ಮ?” ಎಂದದ್ದಕ್ಕೆ ಅಜ್ಜಿ ಬೆರಳೆತ್ತಿ ಅವನನ್ನೂ ನಿಲ್ಲಿಸಿದರು. ತುಟಿ ಅಲುಗುತ್ತಿತ್ತು, ಈ ಸಲ ಹತ್ತೂ ಆಯಿತು. ಮಗು ಕಿಟಕಿಯಾಚೆ ಕುರಿಗಳನ್ನು ನೋಡುತ್ತಿತ್ತು.

“ಇವತ್ತು ಹೇಳಲ್ಲ ಅಂತ ಕಾಣ್ತದೆ,” ಎಂದು ಅಜ್ಜಿ ಆ ಹೆಂಗಸಿಗೆ ಹೇಳಿದರು. “ಮುಂದಿನ ವಾರವೂ ಇದೇ ಬಸ್ಸಿಗೇ ಬತ್ತೀವಿ. ಆಗ ಕೇಳು ಕಣಮ್ಮ.”