ಪಕ್ಕದ ಸೀಟಿನ ಬ್ರೇಕು

ಕಾರು ಕಲಿಯಲು ಬಂದವರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಮೇಷ್ಟ್ರ ಪಾದ ಸದಾ ಅದರ ಮೇಲೆಯೇ. ಆದರೆ ಒತ್ತುವುದರಲ್ಲಿ ಅವರಂಥ ಜಿಪುಣರು ಇನ್ನೊಬ್ಬರಿರಲಿಲ್ಲ. ಇನ್ನೇನು ಗೋಡೆಗೆ ಗುದ್ದಿತು ಎಂದು ಕಲಿಯುವವರ ಜೀವ ಬಾಯಿಗೆ ಬರಬೇಕು, ಆಗ ಒತ್ತುತ್ತಿದ್ದರು. ಬೆವರು ಒರೆಸಿಕೊಳ್ಳುತ್ತಿದ್ದವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ನನ್ನ ಕಾಲನ್ನ ನಂಬ್ಕೊಂಡು ಓಡಿಸ್ಬೇಡಿ. ನಾಳೆ ನಿಮ್ಮ ಕಾರಲ್ಲಿ ನಾನಿರಲ್ಲ."

ಪಾಠದ ದಾರಿಯಲ್ಲಿ ಒಂದು ಶಾಲೆ. ಅದರ ಗೇಟಿನ ಮುಂದೆ ಕೆಂಪು ಬಾವುಟ ಹಿಡಿದು ಗಾಡಿಗಳನ್ನು ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸನ್ನು ಎಲ್ಲರೂ ಬಾವುಟದಮ್ಮ ಎನ್ನುತ್ತಿದ್ದರು. ಮೇಷ್ಟ್ರ ಕಾರು ಕಂಡರೆ ಆಕೆಗೆ ನಗು. "ನಿಮ್ಮ ಶಿಷ್ಯರು ನಿಲ್ಲಿಸೋವರೆಗೂ ನನಗೆ ಉಸಿರೇ ಬರಲ್ಲ ಮೇಷ್ಟ್ರೇ" ಎನ್ನುವಳು.

ಫೋನಿನ ಚಾಟ್‌ಬಾಟ್ ಅವರಿಗೆ ಗಂಟುಬಿದ್ದದ್ದು ಕೆಲಸದ ನೆಪದಲ್ಲೇ. ಬ್ಯಾಂಕಿನ ಗುಮಾಸ್ತೆಯೊಬ್ಬಳು ಸರ್ಕಲ್ ಕಂಡ ಕೂಡಲೇ ಸ್ಟಿಯರಿಂಗ್ ಬಿಟ್ಟು ಅಳುತ್ತಿದ್ದಳು. ಗದರಿದ್ದಾಯಿತು, ಪುಸಲಾಯಿಸಿದ್ದಾಯಿತು. ಕೊನೆಗೆ ಅವಳೇ, "ಇದನ್ನ ಕೇಳಿ ನೋಡಿ ಸಾರ್" ಎಂದು ಮೇಷ್ಟ್ರ ಫೋನಿನಲ್ಲಿ ಅದನ್ನು ಹಾಕಿಕೊಟ್ಟಳು. ಮೊದಲು ಕಾಲ್ನಡಿಗೆಯಲ್ಲಿ ಸರ್ಕಲ್ ಸುತ್ತಿಸಿ ಎಂದು ಅದು ಹೇಳಿತು. ಮೇಷ್ಟ್ರು ಅವಳನ್ನು ಫುಟ್‌ಪಾತಿನ ಮೇಲೆ ನಡೆಸಿಕೊಂಡು ಸುತ್ತಿದರು. ಯಾವ ಗಾಡಿ ಎಲ್ಲಿಂದ ನುಗ್ಗುತ್ತದೆ ಎಂದು ನಿಂತು ನೋಡಿದ್ದೇ ತಡ, ಅವಳ ಅಳು ಮಾಯವಾಯಿತು. ಮೇಷ್ಟ್ರು ಮಾರುಹೋದರು. ಹೋಗದೆ ಇರುವುದಾದರೂ ಹೇಗೆ?

ಆಮೇಲೆ ಎಲ್ಲಕ್ಕೂ ಅದೇ. ಮಾಲೀಕನ ಹತ್ತಿರ ರಜೆ ಕೇಳುವುದು ಹೇಗೆ, ಮಗಳು ಮುಖ ಊದಿಸಿಕೊಂಡರೆ ಏನನ್ನಬೇಕು, ಹಳೆಯ ಸೋಫಾ ಮಾರಬೇಕೇ ಇಟ್ಟುಕೊಳ್ಳಬೇಕೇ. ಹೆಂಡತಿ ಅದಕ್ಕೆ ಮಂತ್ರಿಗಳು ಎಂದು ಹೆಸರಿಟ್ಟಳು. "ಕೊಡೆ ತಗೊಂಡು ಹೋಗ್ಬೇಕಾ ಅಂತ ನೀವು ಮಂತ್ರಿಗಳನ್ನ ಕೇಳ್ತಿರಿ. ಅಷ್ಟರಲ್ಲಿ ನಾನು ಕಿಟಕಿಯಿಂದ ನೋಡಿ ಹೇಳ್ತೀನಿ." ಮೇಷ್ಟ್ರೂ ನಗುತ್ತಿದ್ದರು. ಅಲ್ಲಿಯವರೆಗೆ ನಗುವಂಥದ್ದೇ ಆಗಿತ್ತು.

ಮೇಷ್ಟ್ರ ಅಣ್ಣ ಶಾಲಾ ಮಕ್ಕಳ ವ್ಯಾನು ಓಡಿಸುತ್ತಿದ್ದ. ಅಪ್ಪ ಬೇಗ ಹೋದಮೇಲೆ ತಮ್ಮನನ್ನು ಸಾಕಿದವನು ಅವನು. ಕಾಲು ಪೆಡಲಿಗೆ ಎಟುಕದ ವಯಸ್ಸಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು ಸ್ಟಿಯರಿಂಗ್ ಹಿಡಿಸಿದವನೂ ಅವನೇ. ಮೇಷ್ಟ್ರ ತಲೆ ನರೆತರೂ ಅವನಿಗೆ ಅವರಿನ್ನೂ ಪುಟ್ಟ. ಒಂದು ರಜೆಯ ದಿನ ಮೇಷ್ಟ್ರ ಮನೆಗೆ ಬೀರು ಸಾಗಿಸಲು ಅಣ್ಣ ವ್ಯಾನು ತಂದ. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತರು. ಅವರ ಕಡೆಯ ಓಣಿಯಿಂದ ಒಬ್ಬ ಸೈಕಲ್ಲಿನವನು ಬಂದ. ಬರುವುದು ದೂರದಿಂದಲೇ ಕಾಣುತ್ತಿತ್ತು. ಅಣ್ಣ ವೇಗ ಇಳಿಸಲಿಲ್ಲ. ಮೇಷ್ಟ್ರ ಕಾಲು ತಾನಾಗಿ ಧಪ್ಪೆಂದು ನೆಲ ಒತ್ತಿತು. ಅಲ್ಲಿ ಬ್ರೇಕ್ ಎಲ್ಲಿತ್ತು, ಬರೀ ರಬ್ಬರ್ ಹಾಸು. ಸೈಕಲ್ಲಿನವನು ತಾನೇ ವಾಲಿ ಪಾರಾಗಿ ಬಾಯಿಗೆ ಬಂದಂತೆ ಬೈದ. "ಇವನು ಎಲ್ಲಿಂದ ಬಂದ?" ಎಂದ ಅಣ್ಣ. ಅದೇ ಕಡೆ ನಿಂತಿದ್ದ ತಳ್ಳುಗಾಡಿಯನ್ನೂ ಸವರಿಕೊಂಡೇ ಹೋದ. ಆ ಬದಿಯದು ಅವನ ಕಣ್ಣಿಗೆ ಬೀಳುತ್ತಲೇ ಇಲ್ಲ ಎಂದು ಮೇಷ್ಟ್ರಿಗೆ ತಿಳಿದುಹೋಯಿತು.

ಮರುದಿನ ಎರಡು ಪಾಠಗಳ ನಡುವೆ, ನಿಂತ ಕಾರಿನಲ್ಲಿ ಕೂತು ಎಲ್ಲವನ್ನೂ ಚಾಟ್‌ಬಾಟಿಗೆ ಬರೆದರು. ಉತ್ತರ ಬಂತು: "ಇದು ಮಕ್ಕಳು ಕೂರುವ ವಾಹನ. ತಡಮಾಡಬೇಡಿ. ಇಂದೇ ಅಣ್ಣನಿಗೆ ಹೇಳಿ, ಕಣ್ಣಿನ ತಪಾಸಣೆ ಆಗುವವರೆಗೆ ಓಡಿಸುವುದನ್ನು ನಿಲ್ಲಿಸಲು ಕೇಳಿಕೊಳ್ಳಿ." ಇದಕ್ಕಿಂತ ಬಿಡಿಸಿ ಯಾರು ಹೇಳಿಯಾರು? ಆಮೇಲೆ ಆದದ್ದಕ್ಕೆ ಯಂತ್ರವನ್ನು ಬೈಯುವವರು ಈ ಮಾತನ್ನು ಮರೆಯಬಾರದು.

ಮೇಷ್ಟ್ರಿಗೆ ಆ ಉತ್ತರ ಬೇಕಿರಲಿಲ್ಲ. ವ್ಯಾನು ಹೋದರೆ ಅಣ್ಣನ ಅರ್ಧ ಜೀವ ಹೋದ ಹಾಗೆ. ನೋವಾಗದಂತೆ ಹೇಳುವುದು ಹೇಗೆ ಎಂದು ಕೇಳಿದರು. ಅದು ಬರೆದುಕೊಟ್ಟಿತು. ಇನ್ನೂ ಮೃದುವಾಗಿ ಎಂದರು, ಇನ್ನೂ ಮೃದುವಾಗಿ ಬರೆಯಿತು. ಅದನ್ನು ಕಾರಿನೊಳಗೆ ಗಟ್ಟಿಯಾಗಿ ಓದಿದಾಗ ಅವರಿಗೇ ಕಣ್ಣು ತುಂಬಿತು. ಅಣ್ಣನಿಗೆ ಹೇಳಿಯೇ ಬಿಟ್ಟೆನೇನೋ ಎನ್ನುವಷ್ಟು ಮನಸ್ಸು ಹಗುರಾಗಿ ಮನೆಗೆ ಹೋದರು. ಮರುದಿನ, ಅವನು ಸಿಟ್ಟಾದರೆ ಎಂದು ಕೇಳಿದರು. ಅದಕ್ಕೂ ಮಾತು ಸಿಕ್ಕಿತು. ಸುಮ್ಮನಾಗಿಬಿಟ್ಟರೆ? ಅದಕ್ಕೂ. ಅವತ್ತು ಅವನಿಗೆ ಸುಸ್ತಾಗಿತ್ತೇನೋ ಎಂದಾಗ, "ಇರಬಹುದು, ಅವರನ್ನು ಹತ್ತಿರದಿಂದ ಬಲ್ಲವರು ನೀವು. ಆದರೂ ತಪಾಸಣೆ ಆಗಲೇಬೇಕು" ಎಂದಿತು. ಮೊದಲ ಮಾತನ್ನು ಮೇಷ್ಟ್ರು ಮತ್ತೆ ಮತ್ತೆ ಓದಿದರು. ಎರಡನೆಯದರ ಮೇಲೆ ಕಣ್ಣು ನಿಲ್ಲಿಸಲಿಲ್ಲ. ಹೀಗೆ ಮೀನಮೇಷ ಎಣಿಸುತ್ತಿದ್ದಷ್ಟು ದಿನವೂ ಬೆಳಿಗ್ಗೆ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೋಗುತ್ತಲೇ ಇತ್ತು.

"ಏನ್ರೀ ಅದು, ಮಂತ್ರಿಗಳ ಜೊತೆ ಗುಟ್ಟು?" ಎಂದು ಹೆಂಡತಿ ಕೇಳಿದಳು. ಮೇಷ್ಟ್ರು ಹೇಳಿಕೊಂಡರು. ಅವಳ ಮುಖದ ನಗು ಆರಿಹೋಯಿತು. "ಭಾವನ ಮನೆ ಇರೋದು ಹಿಂದಿನ ಬೀದೀಲಿ. ಫೋನಿಗೆ ಹೇಳಿದ್ದನ್ನ ಅಲ್ಲಿಗೆ ಹೋಗಿ ಹೇಳೋಕೇನು ಕಷ್ಟ? ನಿಮ್ಮ ಕೈಲಾಗಲ್ಲ ಅಂದ್ರೆ ನಾನೇ ಹೋಗ್ತೀನಿ."

"ಬೇಡ. ಭಾನುವಾರ ನಾನೇ ಹೇಳ್ತೀನಿ."

ಭಾನುವಾರ ಹೋದರು. ಅಣ್ಣ ಬಾಗಿಲ ಮುಂದೆ ವ್ಯಾನಿನ ಕನ್ನಡಿ ಒರೆಸುತ್ತಿದ್ದ. ಅತ್ತಿಗೆ ಚಹಾ ತಂದುಕೊಟ್ಟು ಒಳಗೆ ಹೋದರು. ಹೇಳಬೇಕಾದದ್ದೆಲ್ಲ ಮೇಷ್ಟ್ರಿಗೆ ಬಾಯಿಪಾಠ. ಆದರೆ ಆ ಮಾತುಗಳಲ್ಲಿ ಅಣ್ಣನಿಗೆ ಪುಟ್ಟ ಹೇಳಬಹುದಾದ ಮಾತು ಒಂದೂ ಇರಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟರು.

"ಏನೋ ಪುಟ್ಟ, ಏನೋ ಹೇಳೋಕೆ ಬಂದ ಹಾಗಿದೆ?" ಎಂದ ಅಣ್ಣ.

"ಏನಿಲ್ಲಣ್ಣ. ಸುಮ್ನೆ ಬಂದೆ."

ಅಣ್ಣ ಬಟ್ಟೆ ಕೊಡವಿ ಮಡಚಿಕೊಂಡ. ಆಮೇಲೆ ಮತ್ತೆ ಕನ್ನಡಿ ಒರೆಸತೊಡಗಿದ.

ಬೀದಿಯ ತಿರುವಿನಲ್ಲಿ ನಿಂತು ಮೇಷ್ಟ್ರು ಫೋನಿಗೆ, ಇವತ್ತು ಆಗಲಿಲ್ಲ ಎಂದು ಬರೆದರು. "ಇಂಥ ಮಾತು ಯಾರಿಗೂ ಕಷ್ಟವೇ. ಆದರೆ ನಾಳೆಗೆ ಬಿಡಬೇಡಿ, ಈಗಲೇ ಹಿಂತಿರುಗಿ ಹೋಗಲಾಗುತ್ತದೆಯೇ?" ಎಂದು ಅದು ಕೇಳಿತು. ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡು ಮನೆಗೆ ನಡೆದರು. ಹೇಳಿದ್ರಾ ಎಂದಳು ಹೆಂಡತಿ. ಹೂಂ ಎಂದರು.

ಆ ವಾರದಲ್ಲೇ ಒಂದು ಬೆಳಿಗ್ಗೆ, ಪಾಠದ ನಡುವೆ ಅತ್ತಿಗೆಯ ಫೋನು ಬಂತು. ಮಾತು ಮುಗಿಯುವ ಮೊದಲೇ ಮೇಷ್ಟ್ರ ಕಾಲು ಬ್ರೇಕ್ ಒತ್ತಿಬಿಟ್ಟಿತ್ತು. ಖಾಲಿ ರಸ್ತೆಯಲ್ಲಿ ಕಾರು ಗಕ್ಕನೆ ನಿಂತಿತು. ಪಾಠದ ದಾರಿಯ ಅದೇ ಶಾಲೆಯ ಗೇಟಿನ ಹತ್ತಿರ ಅಣ್ಣನ ವ್ಯಾನು ಬಾವುಟದಮ್ಮನಿಗೆ ಗುದ್ದಿತ್ತು; ಆಕೆ ಬಂದದ್ದು ಅವನಿಗೆ ಕಾಣದ ಬದಿಯಿಂದ. ಒಳಗಿದ್ದ ಮಕ್ಕಳಿಗೆ ಹಣೆ ಊದಿದ್ದಷ್ಟೇ. ಆಕೆಯ ಸೊಂಟದ ಮೂಳೆ ಮುರಿದಿತ್ತು. ಎದ್ದು ಓಡಾಡುವುದು ಅನುಮಾನ ಎಂದು ಡಾಕ್ಟರು ಹೇಳಿದರಂತೆ.

ಆಸ್ಪತ್ರೆಯ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಅವನಿಗೆ ಒಂದು ಬದಿ ಕಾಣುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಎಲ್ಲರೆದುರೇ ಹೇಳಿದ್ದರು. ಮೇಷ್ಟ್ರು, ಅವರ ಹೆಂಡತಿ ಇಬ್ಬರೂ ಪಕ್ಕದಲ್ಲಿ ಕೂತರು. ಅಣ್ಣ ತಲೆ ಎತ್ತದೆ ಮಾತಾಡಿದ.

"ಬೀರು ಸಾಗಿಸಿದ ದಿನ ನಿನ್ನ ಕಾಲು ಧಪ್ ಅಂತು ಪುಟ್ಟ. ನನಗೆ ಕೇಳಿಸ್ತು. ಕಣ್ಣಲ್ಲಿ ಏನೋ ಐಬಿದೆ ಅಂತ ನನಗೇ ಅನುಮಾನ ಇತ್ತು. ಡಾಕ್ಟರ ಹತ್ರ ಹೋಗೋಕೆ ಹೆದರಿಕೆ, ವ್ಯಾನು ಬಿಡು ಅಂದ್ಬಿಟ್ರೆ ಅಂತ. ನೀನು ಅದೇ ಕೆಲಸದೋನಲ್ವಾ, ಇದ್ರೆ ಹೇಳ್ತೀಯ ಅಂದ್ಕೊಂಡೆ. ಭಾನುವಾರ ಬಂದು ಏನಿಲ್ಲ ಅಂದೆ. ಪುಟ್ಟನೇ ಏನಿಲ್ಲ ಅಂದ್ಮೇಲೆ ಏನೂ ಇಲ್ಲ ಅಂತ ಓಡಿಸ್ದೆ."

ಹೆಂಡತಿ ಮೇಷ್ಟ್ರ ಕಡೆ ತಿರುಗಿದಳು. ಅವಳಿಗೆ ಮೇಷ್ಟ್ರು ಭಾನುವಾರ ಹೂಂ ಎಂದಿದ್ದರು.

ಒಳಗಿನಿಂದ ಬಾವುಟದಮ್ಮನ ಗಂಡ ಬಂದ. ಕೈಯಲ್ಲಿ ಅವಳ ಚಪ್ಪಲಿ. ಅಣ್ಣನ ಮುಂದೆ ನಿಂತು, ಸಿಟ್ಟಿಗೂ ಶಕ್ತಿಯಿಲ್ಲದ ದನಿಯಲ್ಲಿ ಕೇಳಿದ: "ಇವರಿಗೆ ಕಣ್ಣು ಕಾಣಲ್ಲ ಅಂತ ನಿಮ್ಮನೇಲಿ ಒಬ್ರಿಗೂ ಗೊತ್ತಿರ್ಲಿಲ್ವಾ?"

"ಯಾರಿಗೂ ಗೊತ್ತಿರ್ಲಿಲ್ಲ ಸ್ವಾಮಿ, ನಂದೇ ತಪ್ಪು" ಎಂದು ಅಣ್ಣ ಕೈಮುಗಿದ.

ಮೇಷ್ಟ್ರ ಕೈ ಅಭ್ಯಾಸದಂತೆ ಜೇಬಿನ ಕಡೆ ಹೋಗಿ ಅಲ್ಲಿಯೇ ನಿಂತಿತು. ಅವರು ಎದ್ದು ನಿಂತರು.

"ನನಗೆ ಗೊತ್ತಿತ್ತು" ಎಂದರು.